ಓಲಾಟ ಶುರುವಾಗುವುದು ಗಾಡಿ ನಿಂತಿರುವಾಗ

ಉದ್ದನೆಯ ಇಳಿಜಾರು. ಒಣ ರಸ್ತೆ, ಒಳ್ಳೆ ಬೆಳಕು. ಗಂಟೆಗೆ 100 ಕಿಲೋಮೀಟರಿನ ಆಸುಪಾಸಿನಲ್ಲಿ ಹೋಗುತ್ತಿದ್ದೆ. ಹಿಂದೆ ಏಳೂವರೆ ಮೀಟರ್ ಉದ್ದದ ಟ್ರಾವೆಲ್ ಟ್ರೇಲರ್, ಅಂದರೆ ಕಾರಿಗೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆ, ಅದರ ಬೆನ್ನಿಗೆ ಕಟ್ಟಿದ ಎರಡು ಎಲೆಕ್ಟ್ರಿಕ್ ಸೈಕಲ್. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಗಳು. ಒಂದು ದೊಡ್ಡ ಲಾರಿ ನಮ್ಮನ್ನು ದಾಟಿ ಹೋಯಿತು. ಆಗ ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೂಕಿದ ಹಾಗಾಯಿತು. ಮೊದಲು ಮೆತ್ತಗೆ. ಎರಡನೇ ಸಲ ಸ್ವಲ್ಪ ಜೋರಾಗಿ. ಮೂರನೇ ಸಲಕ್ಕೆ ಒಂದು ಕನ್ನಡಿಯಲ್ಲಿ ಟ್ರೇಲರಿನ ಇಡೀ ಪಕ್ಕ ಕಾಣಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಕನ್ನಡಿಯಲ್ಲಿ ಇನ್ನೊಂದು ಪಕ್ಕ.

ಸ್ಟೀರಿಂಗ್ ತಿರುಗಿಸಿ ಸರಿ ಮಾಡಲು ನೋಡಿದೆ. ಜಾಸ್ತಿಯಾಯಿತು. ಬ್ರೇಕ್ ಒತ್ತಿದೆ. ಇನ್ನೂ ಜಾಸ್ತಿಯಾಯಿತು. ಕೊನೆಗೆ ಏನೂ ತೋಚದೆ ಕಾಲು ತೆಗೆದು, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ಕೂತೆ. ಅಷ್ಟರಲ್ಲಿ ಇಳಿಜಾರು ಮುಗಿದು ರಸ್ತೆ ಸ್ವಲ್ಪ ಮೇಲಕ್ಕೆ ಏರಿತು. ವೇಗ ಇಳಿಯಿತು, ಓಲಾಟ ತಾನಾಗಿ ನಿಂತಿತು. ಆ ಏರು ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ.

ಆ ದಿನ ನಾನು ಲಾರಿಯನ್ನು ಬೈದೆ. ಆಮೇಲೆ ಗಾಳಿಯನ್ನು ಬೈದೆ. ಎರಡರದ್ದೂ ತಪ್ಪಲ್ಲ ಎಂದು ಅರ್ಥವಾಗಲು ತಿಂಗಳುಗಳೇ ಬೇಕಾದವು. ಲಾರಿ ಮಾಡಿದ್ದು ಒಂದು ಸಣ್ಣ ತಳ್ಳು, ಅಷ್ಟೇ. ಆ ತಳ್ಳಿಗೆ ನನ್ನ ಟ್ರೇಲರ್ ಹಾಗೆ ಕುಣಿಯಬೇಕು ಎಂದು ತೀರ್ಮಾನವಾಗಿದ್ದು ಅದೇ ಬೆಳಿಗ್ಗೆ, ಗಾಡಿ ನಿಂತಿರುವಾಗ, ನಾನು ಸಾಮಾನು ತುಂಬುವಾಗ. ಇವತ್ತು ಜಾಸ್ತಿ ಹೊತ್ತು ಮಾತಾಡುವುದು ಆ ಬೆಳಿಗ್ಗೆಯ ಬಗ್ಗೆಯೇ. ಡ್ರೈವಿಂಗ್ ಬಗ್ಗೆ ಆಮೇಲೆ.

ಈ ಮೇಜಿನ ಮೇಲಿರುವ ಮಾದರಿ ನೋಡಿ. ಓಡುವ ಪಟ್ಟಿ, ವ್ಯಾಯಾಮಕ್ಕೆ ಬಳಸುವ ಟ್ರೆಡ್‌ಮಿಲ್‌ನ ಚಿಕ್ಕ ರೂಪ. ಅದರ ಮೇಲೆ ಒಂದು ಆಟದ ಕಾರು, ಅದಕ್ಕೆ ಕೊಂಡಿ ಹಾಕಿದ ಪುಟ್ಟ ಟ್ರೇಲರ್. ಈಗ ಟ್ರೇಲರಿನಲ್ಲಿ ಎರಡು ತೂಕದ ಬಿಲ್ಲೆಗಳು ಚಕ್ರದಿಂದ ಸ್ವಲ್ಪ ಮುಂದಿವೆ. ಪಟ್ಟಿ ಓಡಲಿ. ಬೆರಳಿನಿಂದ ಟ್ರೇಲರನ್ನು ಪಕ್ಕಕ್ಕೆ ತಳ್ಳುತ್ತೇನೆ. ಒಂದು ಸಲ ಅಲ್ಲಾಡಿತು, ಸುಮ್ಮನಾಯಿತು. ಇನ್ನೊಮ್ಮೆ ಜೋರಾಗಿ ತಳ್ಳುತ್ತೇನೆ. ಮತ್ತೆ ಸುಮ್ಮನಾಯಿತು. ಈಗ ಅದೇ ಬಿಲ್ಲೆಗಳನ್ನು ಹಿಂದಕ್ಕೆ, ಬಾಲದ ಕಡೆಗೆ ಇಡುತ್ತೇನೆ. ಬೇರೆ ಏನೂ ಬದಲಾಯಿಸಿಲ್ಲ. ತೂಕ ಅಷ್ಟೇ, ವೇಗ ಅಷ್ಟೇ. ಮೆಲ್ಲಗೆ ಮುಟ್ಟುತ್ತೇನೆ. ನೋಡಿ, ನಿಲ್ಲುತ್ತಲೇ ಇಲ್ಲ. ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದಾಗಿ ಬೀಸುತ್ತಿದೆ. ಈಗ ಕಾರನ್ನೂ ತಿರುಗಿಸಿ ಬೀಳಿಸಿತು.

ಎತ್ತಿನ ಗಾಡಿ ಹೂಡಿದವರಿಗೆ ಇದು ಹೊಸದಲ್ಲ. ಮುಂಭಾರ, ಹಿಂಭಾರ ಎಂದರೆ ಏನೆಂದು ಅವರಿಗೆ ಗೊತ್ತು. ಮುಂದೆ ಜಾಸ್ತಿ ಹೇರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದೆ ಜಾಸ್ತಿ ಹೇರಿದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಎಳೆಯುತ್ತದೆ. ಟ್ರಾವೆಲ್ ಟ್ರೇಲರಿನಲ್ಲಿ ನೊಗದ ಜಾಗದಲ್ಲಿ ಇರುವುದು ಹಿಚ್ ಬಾಲ್, ಟ್ರೇಲರಿನ ಕೊಂಡಿ ಕೂರುವ, ಕಾರಿನ ಹಿಂದಿರುವ ಲೋಹದ ಗುಂಡು. ವ್ಯತ್ಯಾಸ ಒಂದೇ. ಹಿಂಭಾರವಾದರೆ ಎತ್ತು ಕೂಡಲೇ ತೋರಿಸಿಕೊಡುತ್ತದೆ. ಕಾರು ತೋರಿಸಿಕೊಡುವುದಿಲ್ಲ. 60ರ ವೇಗದಲ್ಲಿ ಎಲ್ಲವೂ ಸರಿಯಾಗೇ ಇರುತ್ತದೆ. 80ರಲ್ಲೂ ಇರಬಹುದು. 100ಕ್ಕೆ ಹೋದಾಗ, ಅದೂ ಒಂದು ಗಾಳಿಯ ಹೊಡೆತ ಬಿದ್ದಾಗ, ಗೊತ್ತಾಗುತ್ತದೆ.

ಟ್ರೇಲರಿನ ಮೂತಿ ಬಾಲ್‌ನ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದಕ್ಕೆ ಟಂಗ್ ವೆಯ್ಟ್ ಎನ್ನುತ್ತಾರೆ. ನಾನು ಮೂತಿಭಾರ ಎನ್ನುತ್ತೇನೆ. ಅಮೆರಿಕದ ಮಾದರಿಯ ಟ್ರಾವೆಲ್ ಟ್ರೇಲರುಗಳಿಗೆ ಇದು ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು. ಒಟ್ಟು ತೂಕ ಎಂದರೆ ಸಾಮಾನು, ನೀರು, ಗ್ಯಾಸ್ ಎಲ್ಲ ಸೇರಿ, ಹೊರಡಲು ಸಿದ್ಧವಾದ ಟ್ರೇಲರಿನ ತೂಕ. ಅದು 2000 ಕಿಲೋ ಇದ್ದರೆ ಮೂತಿಭಾರ 200ರಿಂದ 300 ಕಿಲೋ. ಯುರೋಪಿನಲ್ಲಿ ಇಂಥ ಟ್ರೇಲರಿಗೆ ಕ್ಯಾರವಾನ್ ಎನ್ನುತ್ತಾರೆ, ಅವುಗಳ ಲೆಕ್ಕ ಬೇರೆ. ಅಲ್ಲಿ ಕಾರುಗಳ ಕೊಂಡಿಗಳು ಸಾಮಾನ್ಯವಾಗಿ 75ರಿಂದ 100 ಕಿಲೋ ಆಸುಪಾಸಿನ ಭಾರವನ್ನೇ ಹೊರುವಂಥವು. ಹಾಗಾಗಿ ನೂರಕ್ಕೆ 5ರಿಂದ 7 ಎನ್ನುತ್ತಾರೆ. ಅಲ್ಲಿ ಕ್ಯಾರವಾನ್ ಹಗುರ, ಹಲವು ದೇಶಗಳಲ್ಲಿ ವೇಗದ ಮಿತಿಯೂ ಕಡಿಮೆ. ಜರ್ಮನಿಯಲ್ಲಿ ವಿಶೇಷ ಅನುಮತಿ ಇಲ್ಲದ ಕ್ಯಾರವಾನ್ ಜೋಡಿಗೆ ಹೆದ್ದಾರಿಯಲ್ಲೂ 80 ಕಿಲೋಮೀಟರ್ ಮಿತಿ. ಇದನ್ನೇಕೆ ಹೇಳಿದೆ ಅಂದರೆ, ಒಂದು ಕಡೆಯ ಸಂಖ್ಯೆ ಓದಿ ಇನ್ನೊಂದು ಕಡೆಯ ಗಾಡಿಗೆ ಹಚ್ಚುವವರನ್ನು ತುಂಬಾ ನೋಡಿದ್ದೇನೆ. ನಿಮ್ಮ ಟ್ರೇಲರಿನ ಕೈಪಿಡಿ ಏನು ಹೇಳುತ್ತದೋ ಅದು ಮೊದಲು.

ಈಗ ನನ್ನ ಆ ಬೆಳಿಗ್ಗೆಗೆ ಬರೋಣ. ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ, ಕಷ್ಟದ ಲೆಕ್ಕ ಏನಲ್ಲ. ನನ್ನ ಟ್ರೇಲರಿನಲ್ಲಿ ಬಾಲ್‌ನಿಂದ ಆಕ್ಸಲ್‌ವರೆಗೆ, ಅಂದರೆ ಚಕ್ರಗಳನ್ನು ಹಿಡಿದಿರುವ ಅಚ್ಚಿನವರೆಗೆ, 4.5 ಮೀಟರ್. ತೂಕ 1900 ಕಿಲೋ. ಮೊದಲೊಮ್ಮೆ ಅಳೆದಾಗ ಮೂತಿಭಾರ 230 ಕಿಲೋ ಇತ್ತು, ನೂರಕ್ಕೆ 12. ತುಂಬಾ ಒಳ್ಳೆಯ ಸಂಖ್ಯೆ. ಒಂದು ಸಲ ಅಳೆದೆನಲ್ಲ, ಇನ್ನೇನು ಎಂದುಕೊಂಡಿದ್ದೆ.

ಆ ಪ್ರಯಾಣಕ್ಕೆ ಸೈಕಲ್ ಬೇಕು ಅನ್ನಿಸಿತು. ಎರಡು ಸೈಕಲ್, ಒಂದು ಸ್ಟ್ಯಾಂಡು, ಒಟ್ಟು 65 ಕಿಲೋ. ಹಿಂದಿನ ಬಂಪರಿಗೆ ಕಟ್ಟಿದೆ. ಅದು ಆಕ್ಸಲ್‌ಗಿಂತ 3.6 ಮೀಟರ್ ಹಿಂದೆ. ಏತದ ಹಾಗೆ ಯೋಚಿಸಿ. ಆಕ್ಸಲ್ ನಡುವಿನ ಕಂಬ. ಹಿಂದೆ ಒತ್ತಿದರೆ ಮುಂದೆ ಎದ್ದೇಳುತ್ತದೆ. 65ನ್ನು 3.6ರಿಂದ ಗುಣಿಸಿ 4.5ರಿಂದ ಭಾಗಿಸಿ. 52 ಕಿಲೋ. ಅಷ್ಟು ಮೂತಿಭಾರ ಹೋಯಿತು.

ಆಮೇಲೆ, ತೂಕ ಕಡಿಮೆಯಾಗಲಿ ಎಂದು ಶುದ್ಧ ನೀರಿನ ಟ್ಯಾಂಕ್ ಖಾಲಿ ಮಾಡಿದೆ. 150 ಲೀಟರ್, ಅಂದರೆ 150 ಕಿಲೋ. ಆ ಟ್ಯಾಂಕ್ ಆಕ್ಸಲ್‌ಗಿಂತ 0.9 ಮೀಟರ್ ಮುಂದಿತ್ತು. ಇನ್ನೊಂದು 30 ಕಿಲೋ ಹೋಯಿತು. ಹಿಂದಿನ ರಾತ್ರಿ ಉಳಿದುಕೊಂಡ ಜಾಗದಲ್ಲಿ ಸ್ನಾನ, ಪಾತ್ರೆ ತೊಳೆದ ನೀರು 100 ಲೀಟರಿನಷ್ಟು ಕೊಳಕು ನೀರಿನ ಟ್ಯಾಂಕಿನಲ್ಲಿತ್ತು. ಮುಂದಿನ ಜಾಗದಲ್ಲಿ ಖಾಲಿ ಮಾಡೋಣ ಎಂದು ಬಿಟ್ಟೆ. ಅದು ಆಕ್ಸಲ್‌ಗಿಂತ 2.25 ಮೀಟರ್ ಹಿಂದೆ. ಮತ್ತೆ 50 ಕಿಲೋ ಹೋಯಿತು.

ಕೂಡಿ ನೋಡಿ. 132 ಕಿಲೋ. 230ರಲ್ಲಿ ಉಳಿದಿದ್ದು 98. ಒಟ್ಟು ತೂಕ ಎಷ್ಟಾಯಿತು? 1915. ಬರೀ 15 ಕಿಲೋ ಜಾಸ್ತಿ. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದ್ದರೆ ಏನೂ ಬದಲಾಗಿಲ್ಲ ಎಂದೇ ಹೇಳುತ್ತಿತ್ತು. ಆದರೆ ಮೂತಿಭಾರ ನೂರಕ್ಕೆ 12 ಇದ್ದದ್ದು 5ಕ್ಕೆ ಬಿದ್ದಿತ್ತು. ಮೂರೂ ಕೆಲಸ ಬಿಡಿಬಿಡಿಯಾಗಿ ನೋಡಿದರೆ ತೀರಾ ಸಾಧಾರಣ. ನೀರು ಖಾಲಿ ಮಾಡಿದ್ದಂತೂ ಒಳ್ಳೆಯದು ಎಂದು ಮಾಡಿದ್ದು. ಮೂರೂ ಒಂದೇ ದಿಕ್ಕಿಗೆ ತೂಗಿದವು.

ಇಷ್ಟೇ ಅಲ್ಲ. ಮೂತಿಭಾರ ಸರಿಯಿದ್ದರೂ ಸಾಮಾನು ಎರಡು ತುದಿಗೆ ಹಂಚಿಹೋಗಿದ್ದರೆ ತೊಂದರೆಯೇ. ಹಿಂದೆ ಸೈಕಲ್ ಇಟ್ಟೆ, ಸರಿದೂಗಿಸಲು ಮುಂದಿನ ಡಿಕ್ಕಿಗೆ ಉಪಕರಣಗಳ ಪೆಟ್ಟಿಗೆ ಹಾಕಿದೆ ಎನ್ನುವವರು ಇದನ್ನು ಸ್ವಲ್ಪ ಕೇಳಿ. ಒಂದು ಉದ್ದನೆಯ ಕೋಲಿನ ಎರಡು ತುದಿಗೂ ಕಲ್ಲು ಕಟ್ಟಿ ನಡುವೆ ಹಿಡಿದು ತಿರುಗಿಸಿ ನೋಡಿ. ಶುರು ಮಾಡುವುದೂ ಕಷ್ಟ, ನಿಲ್ಲಿಸುವುದು ಅದಕ್ಕಿಂತ ಕಷ್ಟ. ಅದೇ ಕಲ್ಲುಗಳನ್ನು ಕೈಯ ಹತ್ತಿರ ಕಟ್ಟಿದರೆ ಸಲೀಸು. ದೂರ ಎರಡು ಪಟ್ಟಾದರೆ ಈ ಜಡತೆ ನಾಲ್ಕು ಪಟ್ಟಾಗುತ್ತದೆ. ಆಕ್ಸಲ್‌ನಿಂದ ಒಂದು ಮೀಟರ್ ದೂರ ಇಟ್ಟ 20 ಕಿಲೋ ಡಬ್ಬವನ್ನು ನಾಲ್ಕು ಮೀಟರ್ ದೂರಕ್ಕೆ ಒಯ್ದರೆ 16 ಪಟ್ಟು. ಹಾಗಾಗಿ ಭಾರದ ಸಾಮಾನು ಆಕ್ಸಲ್ ಹತ್ತಿರ, ಅದರಿಂದ ತುಸು ಮುಂದಕ್ಕೆ, ಆದಷ್ಟು ನೆಲಕ್ಕೆ ಹತ್ತಿರ. ಮೇಲಿನ ಕಪಾಟುಗಳಿಗೆ ಬಟ್ಟೆ, ಹಾಸಿಗೆಯಂಥ ಹಗುರದ ವಸ್ತು. ಎಲ್ಲವನ್ನೂ ಜಾರದಂತೆ ಕಟ್ಟಿ. ಬೆಳಿಗ್ಗೆ ಆಕ್ಸಲ್ ಮೇಲಿದ್ದ ಡಬ್ಬ ಮಧ್ಯಾಹ್ನಕ್ಕೆ ಬಾಲದಲ್ಲಿದ್ದರೆ ನಿಮ್ಮ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಅಳೆಯುವುದು ಹೇಗೆ ಎಂದು ತಲೆ ಆಡಿಸುತ್ತಿದ್ದೀರಿ. ಮೂತಿಭಾರ ಅಳೆಯಲೆಂದೇ ತಕ್ಕಡಿ ಸಿಗುತ್ತದೆ. ಅದಿಲ್ಲದಿದ್ದರೆ ಮನೆಯಲ್ಲಿ ನಾವು ನಿಂತು ತೂಕ ನೋಡಿಕೊಳ್ಳುವ ತಕ್ಕಡಿ ಸಾಕು. ಆದರೆ 200 ಕಿಲೋ ನೇರವಾಗಿ ಅದರ ಮೇಲೆ ಹಾಕಿದರೆ ಒಡೆಯುತ್ತದೆ. ಒಂದು ಗಟ್ಟಿ ಹಲಗೆ ತನ್ನಿ. ಒಂದು ತುದಿಗೆ ಇಟ್ಟಿಗೆ, ಇನ್ನೊಂದು ತುದಿಗೆ ತಕ್ಕಡಿ. ಎರಡರ ಮೇಲೂ ಒಂದೊಂದು ಕೊಳವೆ ತುಂಡು ಅಡ್ಡ ಇಟ್ಟು ಅದರ ಮೇಲೆ ಹಲಗೆ ಕೂರಿಸಿ. ಕೊಳವೆಗಳ ನಡುವಿನ ಅಂತರ 90 ಸೆಂಟಿಮೀಟರ್ ಇರಲಿ. ಟ್ರೇಲರಿನ ಮೂತಿಯನ್ನು ಇಟ್ಟಿಗೆಯ ಕಡೆಯಿಂದ 30 ಸೆಂಟಿಮೀಟರ್ ದೂರದಲ್ಲಿ ಹಲಗೆಯ ಮೇಲೆ ಇಳಿಸಿ. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿದರೆ ಮೂತಿಭಾರ. ಹಲಗೆಯ ತೂಕ ಮೊದಲೇ ಕಳೆಯಿರಿ. ನೆಲ ಸಮ ಇರಬೇಕು, ಟ್ರೇಲರಿನ ಚಕ್ರಗಳಿಗೆ ಅಡ್ಡೆ ಕೊಟ್ಟಿರಬೇಕು, ಎತ್ತರ ಕೊಂಡಿ ಹಾಕಿದಾಗ ಇರುವಷ್ಟೇ ಇರಬೇಕು. 20 ನಿಮಿಷದ ಕೆಲಸ. ಸಾಮಾನು ಬದಲಾದಾಗಲೆಲ್ಲ ಮಾಡಿ. ನನ್ನ ಹಾಗೆ ಒಮ್ಮೆ ಅಳೆದು ವರ್ಷಗಟ್ಟಲೆ ನಂಬಿಕೊಳ್ಳಬೇಡಿ.

ಹಾಗಾದರೆ ಮೂತಿಭಾರ ಜಾಸ್ತಿ ಆದಷ್ಟೂ ಒಳ್ಳೆಯದಾ ಎಂದು ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಇಲ್ಲ. ಬಾಲ್ ಇರುವುದು ಕಾರಿನ ಹಿಂದಿನ ಚಕ್ರಗಳಿಗಿಂತ ಒಂದು ಮೀಟರಿಗೂ ಹಿಂದೆ. ಅಲ್ಲಿ ಒತ್ತಿದರೆ ಕಾರಿನ ಮುಂದಿನ ಚಕ್ರಗಳು ಹಗುರವಾಗುತ್ತವೆ. ಸ್ಟೀರಿಂಗ್ ಮಾತು ಕೇಳುವುದು ಕಡಿಮೆಯಾಗುತ್ತದೆ, ಬ್ರೇಕ್ ಹಿಡಿತವೂ ಕಡಿಮೆ. ರಾತ್ರಿ ಎದುರಿನವರ ಕಣ್ಣಿಗೆ ನಿಮ್ಮ ದೀಪ ಹೊಡೆಯುತ್ತದೆ. ಇದಕ್ಕೆ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಎಂಬುದಿದೆ. ಎರಡು ಸ್ಪ್ರಿಂಗ್ ಕಂಬಿಗಳು ಸನ್ನೆಕೋಲಿನ ಹಾಗೆ ಕೆಲಸ ಮಾಡಿ, ಹಿಂದಿನ ಆಕ್ಸಲ್ ಮೇಲಿನ ಭಾರದ ಒಂದು ಪಾಲನ್ನು ಕಾರಿನ ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲನ್ನು ಟ್ರೇಲರಿನ ಚಕ್ರಗಳಿಗೂ ಕಳಿಸುತ್ತವೆ. ಒಳ್ಳೆಯ ಸಾಧನ. ಆದರೆ ಅದು ಹಿಂಭಾರವಾದ ಟ್ರೇಲರನ್ನು ಸರಿ ಮಾಡುವುದಿಲ್ಲ. ಘರ್ಷಣೆಯಿಂದ ಓಲಾಟ ತಡೆಯುವ ಪಟ್ಟಿಗಳೂ ಅಷ್ಟೇ. ತಪ್ಪಾಗಿ ತುಂಬಿದ ಟ್ರೇಲರಿಗೆ ಅವು ಮುಸುಕು ಹಾಕುತ್ತವೆ. 90ರಲ್ಲಿ ಕಾಣಬೇಕಾದ ತೊಂದರೆಯನ್ನು 105ಕ್ಕೆ ಮುಂದೂಡುತ್ತವೆ. ಮೊದಲು ಅವಿಲ್ಲದೆಯೇ ನೆಟ್ಟಗೆ ಓಡುವಂತೆ ತುಂಬಿ. ಆಮೇಲೆ ಅವುಗಳನ್ನು ಹಾಕಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮರೆತುಹೋಗುತ್ತದೆ. ಅಲ್-ಕೋ ಕಂಪನಿಯಂಥವರ ಘರ್ಷಣೆ ಪ್ಯಾಡ್ ಇರುವ ಕೊಂಡಿ ನಿಮ್ಮದಾಗಿದ್ದರೆ ಬಾಲ್‌ಗೆ ಗ್ರೀಸ್ ಹಚ್ಚಬಾರದು. ಒರೆಸಿ, ಒಣಗಿಸಿ ಇಡಬೇಕು. ಪ್ಯಾಡ್ ಇಲ್ಲದ ಸಾಮಾನ್ಯ ಕೊಂಡಿಗೆ ಗ್ರೀಸ್ ಬೇಕು. ಹಳೇ ಅಭ್ಯಾಸದ ಮೇಲೆ ಹೊಸ ಕೊಂಡಿಗೆ ಗ್ರೀಸ್ ಬಳಿದು ಅದರ ಹಿಡಿತವನ್ನೇ ಕಳೆದವರು ಇದ್ದಾರೆ.

ಕಾರಿನ ಸಾಮರ್ಥ್ಯದ ಬಗ್ಗೆ ಒಂದೇ ವಿಷಯ. "ನನ್ನ ಗಾಡಿ 3000 ಕಿಲೋ ಎಳೆಯುತ್ತದೆ" ಎನ್ನುತ್ತೇವೆ. ಬಾಗಿಲ ಚೌಕಟ್ಟಿನ ಮೇಲೆ ಇನ್ನೊಂದು ಸಂಖ್ಯೆ ಇರುತ್ತದೆ, ಕಾರು ತನ್ನ ಮೈಮೇಲೆ ಹೊರಬಲ್ಲ ಭಾರ. ಮೂತಿಭಾರ ಆ ಲೆಕ್ಕಕ್ಕೆ ಸೇರುತ್ತದೆ. ಅದು 500 ಕಿಲೋ ಎಂದುಕೊಳ್ಳಿ. ಮೂತಿಭಾರ 250. ನಾಲ್ಕು ಜನ ಕೂತರೆ ಇನ್ನೊಂದು 250 ಮೀರುತ್ತದೆ. ಡಿಕ್ಕಿಗೆ ಒಂದು ಚೀಲ ಹಾಕುವ ಮುಂಚೆಯೇ ಮುಗಿಯಿತು. ಎಳೆಯುವ ಶಕ್ತಿ ಇನ್ನೂ ಬೇಕಾದಷ್ಟಿದೆ, ಹೊರುವ ಶಕ್ತಿ ತೀರಿದೆ. ಹಿಂದಿನ ಟೈರು, ಸ್ಪ್ರಿಂಗ್ ಮೆತ್ತಗಾಗಿ ಕಾರಿನ ಬೆನ್ನು ಬಳುಕಲು ಶುರುವಾದರೆ ಟ್ರೇಲರಿಗೆ ಹಿಡಿದುಕೊಳ್ಳಲು ಗಟ್ಟಿ ಜಾಗವೇ ಇಲ್ಲ.

ಟೈರಿನ ಗಾಳಿಯನ್ನು ತಣ್ಣಗಿರುವಾಗ ನೋಡಿ, ಕಾರಿನದ್ದೂ ಟ್ರೇಲರಿನದ್ದೂ. ಟ್ರೇಲರ್ ಟೈರು ಸವೆಯುವ ಮುಂಚೆ ವಯಸ್ಸಾಗಿ ಸಾಯುತ್ತದೆ. ನಿಂತಲ್ಲೇ ನಿಂತು ಬಿಸಿಲಿಗೆ ಬಿರುಕು ಬಿಡುತ್ತದೆ. ಪಕ್ಕದ ಗೋಡೆಯ ಮೇಲೆ ನಾಲ್ಕಂಕಿಯ ಗುರುತಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದ್ದು. ಟ್ರೇಲರ್ ನೆಲಕ್ಕೆ ಸಮನಾಗಿ, ಇಲ್ಲವೇ ಮೂತಿ ಕೂದಲೆಳೆಯಷ್ಟು ಕೆಳಗೆ ಇರಲಿ. ಮೂತಿ ಮೇಲೆತ್ತಿದ್ದರೆ ಭಾರ ಹಿಂದಕ್ಕೆ ಸರಿಯುತ್ತದೆ. ಕೊಂಡಿ ಹಾಕಿದ ಮೇಲೆ ಜ್ಯಾಕಿನಿಂದ ಮೂತಿಯನ್ನು ಸ್ವಲ್ಪ ಎತ್ತಿ ನೋಡಿ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಕೊಂಡಿ ಕಚ್ಚಿದೆ ಎಂದರ್ಥ. ಟ್ರೇಲರನ್ನು ಕಾರಿಗೆ ಕಟ್ಟುವ ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಕಿ, ಕೊಂಡಿ ಕಳಚಿದರೂ ಮೂತಿ ಆ ತೊಟ್ಟಿಲಿನಲ್ಲಿ ಕೂರುತ್ತದೆ, ರಸ್ತೆಗೆ ಚುಚ್ಚುವುದಿಲ್ಲ. ಚಕ್ರದ ನಟ್ಟುಗಳನ್ನು ಬಿಚ್ಚಿ ಹಾಕಿದ್ದರೆ ಮೊದಲ 80 ಕಿಲೋಮೀಟರಿನ ನಂತರ ನಿಲ್ಲಿಸಿ ಮತ್ತೆ ಬಿಗಿಮಾಡಿ.

ಈಗ ರಸ್ತೆಗೆ ಬರೋಣ. ವೇಗ ಯಾಕೆ ಇಷ್ಟು ಮುಖ್ಯ? ಜನ ಗಾಳಿಯ ಒತ್ತಡ ಎನ್ನುತ್ತಾರೆ. ಅದೂ ಇದೆ. ನಿಜವಾದ ಕಾರಣ ಟೈರಿನಲ್ಲಿದೆ. ಟ್ರೇಲರ್ ಪಕ್ಕಕ್ಕೆ ಬೀಸಿದಾಗ ಅದನ್ನು ತಡೆಯುವುದು ಟೈರು ನೆಲದ ಮೇಲೆ ಓರೆಯಾಗಿ ಉಜ್ಜುವ ಬಲ. ಎಷ್ಟು ಓರೆಯೋ ಅಷ್ಟು ಬಲ. ಮುಂದಕ್ಕೆ ನಿಧಾನವಾಗಿ ಹೋಗುತ್ತಿದ್ದರೆ ಸ್ವಲ್ಪ ಪಕ್ಕಕ್ಕೆ ಸರಿದರೂ ಓರೆ ದೊಡ್ಡದು. ಜೋರಾಗಿ ಹೋಗುತ್ತಿದ್ದರೆ ಅಷ್ಟೇ ಸರಿತಕ್ಕೆ ಓರೆ ಚಿಕ್ಕದು. ಅಂದರೆ ವೇಗ ಏರಿದ ಹಾಗೆ ಓಲಾಟವನ್ನು ಹೀರುವ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ವೇಗದಲ್ಲಿ ಅದು ಸೊನ್ನೆ. ಅದನ್ನು ದಾಟಿದರೆ ಪ್ರತಿ ಬೀಸೂ ಮುಂದಿನ ಬೀಸಿಗೆ ಬಲ ಕೊಡುತ್ತದೆ. ಆ ವೇಗ ಎಲ್ಲ ಜೋಡಿಗೂ ಒಂದೇ ಅಲ್ಲ. ಹಿಂಭಾರ, ಮೆತ್ತನೆ ಟೈರು, ಗಿಡ್ಡ ಕಾರು, ಉದ್ದ ಟ್ರೇಲರ್, ಒಂದೊಂದೂ ಅದನ್ನು ಕೆಳಗೆ ಎಳೆಯುತ್ತದೆ. ಒಳ್ಳೆಯದಾಗಿ ತುಂಬಿದ ಟ್ರೇಲರಿನಲ್ಲಿ ಅದು ನೀವು ಎಂದೂ ಮುಟ್ಟದಷ್ಟು ಮೇಲಿರುತ್ತದೆ. ನನ್ನದು ಆ ದಿನ 100ಕ್ಕಿಂತ ಕೆಳಗೆ ಬಂದಿತ್ತು.

ಇದರ ಜೊತೆ ಬೀಸಿನ ಕಸುವು. 80ರಿಂದ 110ಕ್ಕೆ ಹೋದರೆ ಗಾಡಿಯಲ್ಲಿ ತುಂಬಿರುವ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಬ್ರಿಟನ್ನಿನಲ್ಲಿ ಕ್ಯಾರವಾನ್ ಎಳೆಯುವವರಿಗೆ ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ, ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ 55 ಮೈಲಿ ಮಿತಿ. 55 ಮೈಲಿ ಅಂದರೆ 88 ಕಿಲೋಮೀಟರ್. ಈ ಮಿತಿಗಳನ್ನು ಸರ್ಕಾರದ ಕಿರಿಕಿರಿ ಎಂದುಕೊಳ್ಳಬೇಡಿ.

ದೊಡ್ಡ ಲಾರಿ ದಾಟುವಾಗ ಅದರ ಮೂತಿ ಮೊದಲು ಗಾಳಿಯನ್ನು ಪಕ್ಕಕ್ಕೆ ನೂಕುತ್ತದೆ. ಅದು ನಿಮ್ಮ ಟ್ರೇಲರಿನ ಬಾಲಕ್ಕೆ ತಾಗುತ್ತದೆ. ಲಾರಿ ಮುಂದೆ ಸರಿದ ಹಾಗೆ ಅದೇ ಗಾಳಿ ನಿಮ್ಮನ್ನು ಅದರ ಕಡೆಗೆ ಎಳೆಯುತ್ತದೆ. ತಳ್ಳು, ಎಳೆತ, ಒಂದರ ಹಿಂದೆ ಒಂದು. ಓಲಾಟಕ್ಕೆ ಬೇಕಾದ ತಾಳ ಅದೇ. ಕನ್ನಡಿಯಲ್ಲಿ ಲಾರಿ ಕಂಡಾಗಲೇ ಲೇನಿನ ಆಚೆ ಅಂಚಿಗೆ ಸ್ವಲ್ಪ ಸರಿಯಿರಿ, ಆಕ್ಸಿಲರೇಟರ್ ಮೇಲಿನ ಕಾಲನ್ನು ತುಸು ಸಡಿಲ ಮಾಡಿ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿಯಿರಿ. ತಿರುಗಿಸಲು ಹೋಗಬೇಡಿ. ಸೇತುವೆ, ಗುಡ್ಡದ ಕಡಿದಾದ ಬದಿ ಮುಗಿಯುವ ಜಾಗ, ಮರಗಳ ಸಾಲು ತೆರೆದುಕೊಳ್ಳುವ ಜಾಗ, ಇವೆಲ್ಲ ಪಕ್ಕದ ಗಾಳಿ ಥಟ್ಟನೆ ಹೊಡೆಯುವ ಕಡೆಗಳು. ಅಲ್ಲಿಗೆ ಹೋಗುವ ಮುಂಚೆ ನಿಧಾನವಾಗಿ. ಇಳಿಜಾರಿನಲ್ಲಂತೂ ತುದಿಯಲ್ಲೇ ವೇಗ ಇಳಿಸಿ, ಕೆಳಗಿನ ಗೇರಿಗೆ ಹಾಕಿ. ಇಳಿಯುವಾಗ ಟ್ರೇಲರ್ ಕಾರನ್ನು ಹಿಂದಿನಿಂದ ನೂಕುತ್ತಿರುತ್ತದೆ.

ನೂಕುವುದು ಎಂದೆನಲ್ಲ. ಈ ದಾರ ನೋಡಿ. ಮೇಜಿನ ಮೇಲೆ ಹಾವಿನ ಹಾಗೆ ಬಿದ್ದಿದೆ. ಮುಂದಿನ ತುದಿ ಹಿಡಿದು ಎಳೆಯುತ್ತೇನೆ. ನೆಟ್ಟಗಾಯಿತು. ಈಗ ಹಿಂದಿನ ತುದಿಯಿಂದ ನೂಕುತ್ತೇನೆ. ಮುದ್ದೆಯಾಯಿತು. ಟ್ರೇಲರ್ ಓಲಾಡುತ್ತಿರುವಾಗ ನೀವು ಕಾರಿನ ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಆಗುವುದು ಇದೇ. ಕಾರು ನಿಲ್ಲಲು ನೋಡುತ್ತದೆ, ಟ್ರೇಲರ್ ಓರೆಯಾಗಿ ಅದರ ಬೆನ್ನನ್ನು ನೂಕುತ್ತದೆ, ಎರಡೂ ಚಾಕುವಿನ ಹಾಗೆ ಮಡಚಿಕೊಳ್ಳುತ್ತವೆ. ಬದಲಿಗೆ ಟ್ರೇಲರಿನ ಬ್ರೇಕ್ ಮಾತ್ರ ಹಿಡಿದರೆ? ಟ್ರೇಲರ್ ಹಿಂದಕ್ಕೆ ಎಳೆಯುತ್ತದೆ. ದಾರ ನೆಟ್ಟಗಾಗುತ್ತದೆ.

ಹಾಗಾಗಿ ಓಲಾಟ ಬಂದಾಗ ಮಾಡಬೇಕಾದದ್ದು ಬಹಳ ಕಡಿಮೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ. ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್ ಆದರೆ ಚಾಲಕನ ಕೈಗೆ ಎಟಕುವ ಬ್ರೇಕ್ ಕಂಟ್ರೋಲರಿನಲ್ಲಿ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯುವ ಕೈ ಲಿವರ್ ಒತ್ತಿ, ಕಾಲಿನ ಬ್ರೇಕ್ ಮುಟ್ಟಬೇಡಿ. ಯುರೋಪಿನ ಕ್ಯಾರವಾನ್‌ಗಳಲ್ಲಿ ಟ್ರೇಲರ್ ನೂಕಿದಾಗ ತಾನೇ ಹಿಡಿಯುವ ಬ್ರೇಕ್ ಇರುತ್ತದೆ, ಅವಕ್ಕೆ ಈ ಲಿವರ್ ಇಲ್ಲ. ಅಲ್ಲಿ ಕಾಲು ತೆಗೆದು, ನೇರ ಹಿಡಿದು, ಓಲಾಟ ತಗ್ಗಿದ ಮೇಲೆ ಮೆತ್ತಗೆ ಬ್ರೇಕ್.

ಸ್ಟೀರಿಂಗ್‌ನಿಂದ ಯಾಕೆ ಸರಿ ಮಾಡಬಾರದು ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಟ್ರೇಲರ್ ಸುಮಾರು ಒಂದೆರಡು ಸೆಕೆಂಡಿಗೊಮ್ಮೆ ಎಡ ಬಲ ಬೀಸಿ ಬರುತ್ತದೆ. ನೀವು ನೋಡಿ, ತಿಳಿದು, ಕೈ ತಿರುಗಿಸಿ, ಕಾರು ಆ ಕಡೆ ಹೊರಳುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಜಾಸ್ತಿ ಹೋಗಿರುತ್ತದೆ. ಅಷ್ಟರಲ್ಲಿ ಟ್ರೇಲರ್ ವಾಪಸ್ ಬರುತ್ತಿದೆ. ಎಡಕ್ಕೆ ಹೋಗುವಾಗ ತಡೆಯಲು ಕೊಟ್ಟ ಒತ್ತು ಬಲಕ್ಕೆ ಹೋಗುವಾಗ ಸೇರಿಕೊಳ್ಳುತ್ತದೆ. ಉಯ್ಯಾಲೆಯನ್ನು ನಿಲ್ಲಿಸಲು ಹೋಗಿ ತಾಳ ತಪ್ಪಿ ಇನ್ನಷ್ಟು ತೂಗಿದ ಹಾಗೆ. ನಾನು ಮಾಡಿದ್ದು ಅದನ್ನೇ.

"ಜೋರಾಗಿ ಓಡಿಸಿದರೆ ನೆಟ್ಟಗಾಗುತ್ತದೆ ಅಂತಾರಲ್ಲ?" ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಎಳೆದಾಗ ದಾರ ನೆಟ್ಟಗಾಗುತ್ತದೆ ಎಂದು ಈಗ ತಾನೇ ತೋರಿಸಿದೆ, ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. ಕ್ಷಣಕಾಲ ಆಗಲೂಬಹುದು. ಆದರೆ ಈಗ ನೀವು ಮೊದಲಿಗಿಂತ ವೇಗದಲ್ಲಿದ್ದೀರಿ. ಓಲಾಟ ಹೀರುವ ಶಕ್ತಿ ಇನ್ನೂ ಕಡಿಮೆಯಾಗಿದೆ. ಎಲ್ಲೋ ಒಂದು ಕಡೆ ಕಾಲು ತೆಗೆಯಲೇಬೇಕು. ತೆಗೆದಾಗ ಅದು ಇನ್ನೂ ದೊಡ್ಡದಾಗಿ ಬರುತ್ತದೆ. ಲಿವರ್ ಒತ್ತಿದರೆ ಎಳೆತವೂ ಸಿಗುತ್ತದೆ, ವೇಗವೂ ಇಳಿಯುತ್ತದೆ. ಒಂದೇ ಕೆಲಸದಲ್ಲಿ ಎರಡೂ.

ಈಗಿನ ಹಲವು ಕಾರುಗಳಲ್ಲಿ ಓಲಾಟ ಗುರುತಿಸಿ ಒಂದೊಂದು ಚಕ್ರಕ್ಕೆ ಬೇಕಾದಷ್ಟೇ ಬ್ರೇಕ್ ಕೊಡುವ ಎಲೆಕ್ಟ್ರಾನಿಕ್ಸ್ ಇದೆ. ಟ್ರೇಲರಿಗೇ ಜೋಡಿಸುವಂಥವೂ ಇವೆ, ಅವು ಪಕ್ಕದ ಅಲುಗಾಟ ಅಳೆದು ಟ್ರೇಲರಿನ ಬ್ರೇಕ್ ಹಿಡಿಯುತ್ತವೆ. ಅವುಗಳ ಕೈ ನಮ್ಮ ಕೈಗಿಂತ ಚುರುಕು. ಇದ್ದರೆ ಆಫ್ ಮಾಡಬೇಡಿ. ಆದರೆ ಅದು ಕೆಲಸ ಮಾಡಿತು ಎಂದು ತೋರಿಸುವ ದೀಪ ಮಿನುಗಿದರೆ ಸದ್ಯ ಪಾರಾದೆವು ಎಂದು ಮುಂದೆ ಹೋಗಬೇಡಿ. ನಿಮ್ಮ ಬೆಳಿಗ್ಗೆಯ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಅದು ಹೇಳುತ್ತಿದೆ.

ಓಲಾಟ ನಿಂತ ಮೇಲೆ? ನಿಲ್ಲಿಸಲು ಜಾಗ ಸಿಕ್ಕ ಮೊದಲ ಕಡೆ ನಿಲ್ಲಿಸಿ. ಅಲ್ಲಿಯವರೆಗೆ ಓಲಾಟ ಬಂದ ವೇಗಕ್ಕಿಂತ ತುಂಬಾ ಕೆಳಗೆ ಇರಿ. ಕೊಂಡಿ, ಟೈರು ಮುಟ್ಟಿ ನೋಡಿ. ಒಳಗೆ ಹೋಗಿ ಏನು ಜಾರಿದೆ ನೋಡಿ. ನಾವು ಆ ದಿನ ಸೈಕಲ್‌ಗಳನ್ನು ಬಿಚ್ಚಿ ಟ್ರೇಲರಿನ ಒಳಗೆ, ಆಕ್ಸಲ್ ಮೇಲೆ ಮಲಗಿಸಿ ಕಟ್ಟಿದೆವು. ಮುಂದಿನ ನಿಲ್ದಾಣದವರೆಗೆ 60ರಲ್ಲಿ ಹೋದೆವು. ಅಲ್ಲಿ ಕೊಳಕು ನೀರು ಖಾಲಿ ಮಾಡಿ ಶುದ್ಧ ನೀರು ತುಂಬಿಸಿದೆವು. ಯಾಕೆ ಸರಿಹೋಯಿತು ಎಂದು ಆಗ ಗೊತ್ತಿರಲಿಲ್ಲ. ಉಳಿದ ದಾರಿಯುದ್ದಕ್ಕೂ ಲಾರಿಗಳು ದಾಟಿದವು, ಟ್ರೇಲರ್ ಒಂದು ಸಲವೂ ಅಲ್ಲಾಡಲಿಲ್ಲ.

ಹಿಂದಿನ ಸೀಟಿನಲ್ಲಿದ್ದ ಆ ಮಗಳು ಈಗ ತಾನೇ ಟ್ರೇಲರ್ ಎಳೆಯುತ್ತಾಳೆ. ಕಲಿಸುವಾಗ ಮೊದಲ ವಾರ ಗಾಡಿ ಅಂಗಳ ಬಿಟ್ಟು ಹೊರಡಲಿಲ್ಲ. ಇಂಜಿನ್ ಆಫ್. ಅವಳು ಮುಂದೆ ನೋಡುತ್ತಾ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಯಾವುದೋ ಮಾತಾಡುತ್ತಾ ನಡುವೆ ಥಟ್ಟನೆ "ಓಲಾಟ" ಎನ್ನುತ್ತಿದ್ದೆ. ಕಾಲು ಮೇಲೆ, ಎಡಗೈ ನೇರ, ಬಲಗೈ ಲಿವರ್‌ಗೆ. ಕೆಳಗೆ ನೋಡುವ ಹಾಗಿಲ್ಲ. ಮೊದಲ ದಿನ ಕೈ ಪ್ರತಿ ಸಲವೂ ರೇಡಿಯೋ ಮೇಲೆ ಹೋಗಿ ಬೀಳುತ್ತಿತ್ತು. ನಾಲ್ಕನೇ ದಿನಕ್ಕೆ ನಾನು ಪದ ಮುಗಿಸುವ ಮುಂಚೆ ಬೆರಳು ಲಿವರ್ ಮೇಲಿತ್ತು. ಆಮೇಲೆ ಖಾಲಿ ಮೈದಾನಕ್ಕೆ ಹೋಗಿ, 40ರ ವೇಗದಲ್ಲಿ ಲಿವರ್ ಒತ್ತಿ, ಟ್ರೇಲರ್ ಹಿಂದಿನಿಂದ ಎಳೆದಾಗ ಸೀಟಿನಲ್ಲಿ ಹೇಗೆ ಅನ್ನಿಸುತ್ತದೆ ಎಂದು ತಿಳಿದುಕೊಂಡಳು. ಅದಾದ ಮೇಲೆ ಹಲಗೆ, ಇಟ್ಟಿಗೆ, ತಕ್ಕಡಿ ತಂದು ಅವಳ ಕೈಗೆ ಕೊಟ್ಟೆ.